ಎಮ್ಡೆನ್ ಕ್ಯಾಪ್ಟನ್ ಸಭ್ಯ, ಒಪ್ಪಿದೆ. ಬಾಯ್ಲರ್ ಮುಂದೆ ನಿಂತಿದ್ದ ಖಲಾಸಿ ಕತೆ ಏನು?

ಪಡುಗಡಲು:

ಜರ್ಮನ್ ರೇಡರ್ ಹಡಗುಗಳ (ಶತ್ರುವಿನ ವ್ಯಾಪಾರಿ ಹಡಗುಗಳನ್ನು ಬೇಟೆಯಾಡುವ ಹಡಗುಗಳು) ಬಗ್ಗೆ ಅಲ್ಲೊಂದು ಇಲ್ಲೊಂದು ಮಾತು ಬಂದು ಹೋಗುತ್ತಿತ್ತು. ಎಲ್ಲವನ್ನೂ ಒಂದೇ ಕಡೆ ಸೇರಿಸೋಣ ಅಂತ ಇದನ್ನು ಶುರು ಮಾಡಿದ್ದೇನೆ. ಮೊದಲು ಎಮ್ಡೆನ್. ನಮ್ಮ ಕಡೆ ಎಲ್ಲರೂ ಕೇಳಿರುವ ಹೆಸರು ಅದೊಂದೇ.

1914ರ ಆಗಸ್ಟ್. ಚೀನಾದ ತ್ಸಿಂಗ್ಟಾವ್‌ನಲ್ಲಿ ಜರ್ಮನಿಗೆ ಒಂದು ನೌಕಾನೆಲೆ ಇತ್ತು. ಮೊದಲ ಮಹಾಯುದ್ಧ ಶುರುವಾಯಿತು. ಅಡ್ಮಿರಲ್ ಶ್ಪೇ ತನ್ನ ಹಡಗುಗಳನ್ನು ಕಟ್ಟಿಕೊಂಡು ದಕ್ಷಿಣ ಅಮೆರಿಕದ ಕಡೆ ಹೊರಟ. ಎಮ್ಡೆನ್ ಒಂದನ್ನು ಮಾತ್ರ ಹಿಂದೂ ಮಹಾಸಾಗರಕ್ಕೆ ಬಿಟ್ಟ. ಅದರ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲ್ಲರ್. ಅದು ಸಣ್ಣ ಕ್ರೂಸರ್, ಮೂರು ಚಿಮಣಿ. ದೂರದಿಂದ ಬ್ರಿಟಿಷ್ ಕ್ರೂಸರ್ ಅಂತ ಕಾಣಲಿ ಎಂದು ನಾಲ್ಕನೆಯ ಸುಳ್ಳು ಚಿಮಣಿ ಎಬ್ಬಿಸಿಕೊಂಡಿದ್ದರು.

ಸೆಪ್ಟೆಂಬರ್ 10ರ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಬೇಟೆ ಶುರು. ಪೊಂಟೊಪೊರಾಸ್, ಇಂಡಸ್, ಲೊವಾಟ್, ಕಿಲ್ಲಿನ್, ಡಿಪ್ಲೊಮ್ಯಾಟ್. ಇಂಡಸ್‌ನಲ್ಲಿ ಪೆಟ್ಟಿಗೆಗಟ್ಟಲೆ ಸೋಪು ಸಿಕ್ಕಿತು. ಎಮ್ಡೆನ್‌ನಲ್ಲಿ ಸೋಪು ಮುಗಿಯುತ್ತಾ ಬಂದಿತ್ತಂತೆ! ಡಿಪ್ಲೊಮ್ಯಾಟ್ ತುಂಬಾ ಚಹಾ, ಅದು ಅಷ್ಟೂ ಸಮುದ್ರದ ಪಾಲು. ಕಬಿಂಗಾ ಅನ್ನೋ ಹಡಗಿನಲ್ಲಿ ಕ್ಯಾಪ್ಟನ್‌ನ ಹೆಂಡತಿ, ಮಗು ಇದ್ದರು. ಮ್ಯುಲ್ಲರ್ ಅದನ್ನು ಮುಳುಗಿಸಲಿಲ್ಲ. ಹಿಡಿದವರನ್ನೆಲ್ಲ ಅದಕ್ಕೆ ಹತ್ತಿಸಿ ಬಿಟ್ಟು ಕಳಿಸಿದ.

ಸೆಪ್ಟೆಂಬರ್ 22ರ ರಾತ್ರಿ ಮದ್ರಾಸ್. ಬರ್ಮಾ ಆಯಿಲ್ ಕಂಪನಿಯ ಸೀಮೆಎಣ್ಣೆ ಟ್ಯಾಂಕ್‌ಗಳಿಗೆ ಬೆಂಕಿ ಬಿತ್ತು. ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಗುಂಡು. ಸತ್ತವರು ಬೆರಳೆಣಿಕೆಯಷ್ಟು ಜನ, ಆದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಹೈಕೋರ್ಟ್ ಗೋಡೆಯಲ್ಲಿ ಅದರ ನೆನಪಿನ ಕಲ್ಲು ಈಗಲೂ ಇದೆ.

ಎರಡು ಡಜನ್‌ನಷ್ಟು ವ್ಯಾಪಾರಿ ಹಡಗು ಹಿಡಿದೂ ಆ ಹಡಗುಗಳ ಜನರನ್ನು ಅವನು ಕೊಲ್ಲಲಿಲ್ಲ. ಯುದ್ಧದಲ್ಲೂ ಮರ್ಯಾದೆ ಅಂತ ಒಂದಿತ್ತು, ಯೂ-ಬೋಟ್ (ಜರ್ಮನ್ ಸಬ್‌ಮರೀನ್) ಬಂದ ಮೇಲೆ ಎಲ್ಲ ಹಾಳಾಯಿತು ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?

ಬಾಯ್ಲರ್‌ಸೂಟ್:

ಒಳ್ಳೆ ಶುರು. ನಾನು ಮರೈನ್ ಇಂಜಿನಿಯರ್, ಹಾಗಾಗಿ ನನ್ನ ಕಣ್ಣು ಹೋಗೋದು ಕಲ್ಲಿದ್ದಲಿನ ಮೇಲೆ.

ಎಮ್ಡೆನ್ ಕತೆಯಲ್ಲಿ ತೋಪು ಬರೀ ಅಲಂಕಾರ. ನಿಜವಾದ ಕತೆ ಬಂಕರ್‌ನದ್ದು, ಅಂದರೆ ಹಡಗಿನ ಕಲ್ಲಿದ್ದಲು ಕೋಣೆಯದ್ದು. ಎಮ್ಡೆನ್‌ಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಹತ್ತಿರದಲ್ಲಿ ಸ್ವಂತ ಬಂದರು ಇರಲಿಲ್ಲ. ಹಿಡಿದ ಹಡಗಿನಿಂದಲೇ ಕಲ್ಲಿದ್ದಲು ಕಿತ್ತುಕೊಳ್ಳಬೇಕು. ನಡುಸಮುದ್ರದಲ್ಲಿ ಎರಡು ಹಡಗು ಪಕ್ಕಪಕ್ಕ ಕಟ್ಟಿ, ಅಲೆಗೆ ಒಂದಕ್ಕೊಂದು ಗುದ್ದಿಕೊಳ್ಳುತ್ತಿರುವಾಗ, ಚೀಲಗಟ್ಟಲೆ ಹೊತ್ತು ಹಾಕಬೇಕು. ಬಿಸಿಲು ನಮ್ಮ ಕಡೆಯದ್ದು. ಬಂಕರ್ ತುಂಬಿದ ಮೇಲೆ ಡೆಕ್ ಮೇಲೂ ರಾಶಿ. ಮಲಗಲು ಜಾಗ ಇಲ್ಲ.

ಭಾರತದ ಕಲ್ಲಿದ್ದಲು ಸುಟ್ಟರೆ ದಟ್ಟ ಹೊಗೆ. ಅಡಗಿ ಬೇಟೆಯಾಡುವವನಿಗೆ ಅದು ದೊಡ್ಡ ತಲೆನೋವು. ಲಕ್ಷದ್ವೀಪದ ಮಿನಿಕಾಯ್ ಹತ್ತಿರ ಬುರೆಸ್ಕ್ ಅನ್ನೋ ಹಡಗು ಸಿಕ್ಕಿತು. ಅದರಲ್ಲಿ ಬ್ರಿಟಿಷ್ ನೌಕಾಪಡೆಗೆಂದೇ ಹೊರಟ 6,000 ಟನ್ನಿಗೂ ಜಾಸ್ತಿ ಒಳ್ಳೆ ವೇಲ್ಸ್ ಕಲ್ಲಿದ್ದಲು. ನನ್ನ ಲೆಕ್ಕದಲ್ಲಿ ಎಮ್ಡೆನ್‌ಗೆ ಸಿಕ್ಕ ನಿಜವಾದ ನಿಧಿ ಅದು, ಚಹಾ ಅಲ್ಲ.

ಇನ್ನೊಂದು ಮಜಾ. ಅಕ್ಟೋಬರ್‌ನಲ್ಲಿ ಟ್ರಾಯ್ಲಸ್ ಅನ್ನೋ ಹೊಸ ಹಡಗು ಸಿಕ್ಕಿಬಿತ್ತು. ರಬ್ಬರ್, ತವರ, ತಾಮ್ರ ತುಂಬಿತ್ತು. ಅದರ ಕ್ಯಾಪ್ಟನ್‌ಗೆ ಕೆಂಡದಂಥ ಸಿಟ್ಟು. ಮಾಮೂಲಿ ದಾರಿ ಬಿಟ್ಟು ಮಿನಿಕಾಯ್‌ನ ಉತ್ತರಕ್ಕೆ ಇಷ್ಟು ಮೈಲಿ ಸರಿದು ಹೋಗು, ಅಲ್ಲಿ ಭಯವಿಲ್ಲ ಅಂತ ಅಧಿಕಾರಿಗಳೇ ಹೇಳಿ ಕಳಿಸಿದ್ದರು. ಅದನ್ನು ಅವನು ಜರ್ಮನರ ಮುಂದೆಯೇ ಬೈದುಕೊಂಡು ಹೇಳಿಬಿಟ್ಟ. ಮ್ಯುಲ್ಲರ್‌ಗೆ ಇನ್ನೇನು ಬೇಕು, ಅದೇ ದಾರಿಯಲ್ಲಿ ಕಾದು ಕೂತ.

ಧಾರವಾಡದವ:

ಬಾಯಿಬಡುಕ ಕ್ಯಾಪ್ಟನ್‌ಗಳು ಎಲ್ಲ ಕಾಲದಲ್ಲೂ ಇದ್ದರು ಅಂತಾಯ್ತು 😄

ಸ್ವಾತಂತ್ರ್ಯ ಹೋರಾಟಗಾರ ಚೆಂಪಕರಾಮನ್ ಪಿಳ್ಳೈ ಎಮ್ಡೆನ್‌ನಲ್ಲಿದ್ದರು, ಮದ್ರಾಸ್ ಮೇಲೆ ಗುಂಡು ಹಾರಿಸಿದ್ದು ಅವರು ಹೇಳಿದ್ದರಿಂದಲೇ ಅಂತ ವಾಟ್ಸಾಪ್‌ನಲ್ಲಿ ವರ್ಷಾ ವರ್ಷಾ ಬರುತ್ತದೆ. ಅದು ನಿಜವೇನ್ರೀ?

ಹಳೇಪುಟ:

ಇಲ್ಲ ಸರ್. 1914ರಲ್ಲಿ ಅವರು ಜ್ಯೂರಿಕ್‌ನಲ್ಲಿದ್ದರು, ಆ ಶರತ್ಕಾಲದಲ್ಲಿ ಬರ್ಲಿನ್‌ಗೆ ಹೋದರು. ಎಮ್ಡೆನ್ ಹೊರಟಿದ್ದು ಚೀನಾದಿಂದ. ಅವರು ಹತ್ತಿದ್ದೆಲ್ಲಿ? ಅವರು ಬರ್ಲಿನ್‌ನಲ್ಲಿ ಮಾಡಿದ ಕೆಲಸವೇ ಸಾಕಷ್ಟಿದೆ, ಹಡಗು ಹತ್ತಿಸುವ ಅಗತ್ಯ ಇಲ್ಲ.

ಪಡುಗಡಲು ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮ್ಯುಲ್ಲರ್ ಸಭ್ಯ, ಅದರಲ್ಲಿ ಅನುಮಾನ ಇಲ್ಲ. ಡಿಯೇಗೊ ಗಾರ್ಸಿಯಾ ದ್ವೀಪಕ್ಕೆ ಹೋದಾಗ ಅಲ್ಲಿನವರಿಗೆ ಯುದ್ಧ ಶುರುವಾದ ಸುದ್ದಿಯೇ ಗೊತ್ತಿರಲಿಲ್ಲ. ಇವನೂ ಹೇಳಲಿಲ್ಲ. ಅವರ ಮೋಟಾರ್ ಬೋಟ್ ರಿಪೇರಿ ಮಾಡಿಕೊಟ್ಟು ಬಂದ. ಕೊಕೋಸ್ ದ್ವೀಪದ ತಂತಿ ಕೇಂದ್ರ ಒಡೆಯಲು ಹೋದಾಗ, ವೈರ್‌ಲೆಸ್ ಕಂಬ ನಮ್ಮ ಟೆನ್ನಿಸ್ ಅಂಗಳದ ಮೇಲೆ ಬೀಳದ ಹಾಗೆ ಕಡಿಯಿರಿ ಅಂತ ಬ್ರಿಟಿಷರು ಕೇಳಿದರು, ಇವರ ಜನ ಹಾಗೇ ಮಾಡಿದರು. ಆ ಕೇಂದ್ರದವರು ಅಷ್ಟರೊಳಗೆ ಸಂದೇಶ ಕಳಿಸಿ ಆಗಿತ್ತು. 1914 ನವೆಂಬರ್ 9ರಂದು ಆಸ್ಟ್ರೇಲಿಯಾದ ಸಿಡ್ನಿ ಅನ್ನೋ ಯುದ್ಧನೌಕೆ ಬಂದು ಎಮ್ಡೆನ್ ಕತೆ ಮುಗಿಸಿತು.

ಆದರೆ ಈ ಎಲ್ಲ ಕತೆಗಳಲ್ಲಿ ಮಾತಾಡುವವರು ಯಾರು ನೋಡಿ. ಜರ್ಮನ್ ಕ್ಯಾಪ್ಟನ್, ಬ್ರಿಟಿಷ್ ಕ್ಯಾಪ್ಟನ್, ಕ್ಯಾಪ್ಟನ್ ಹೆಂಡತಿ. ಹಿಡಿದ ಹಡಗುಗಳಲ್ಲಿ ಎಷ್ಟೋ ಕಲ್ಕತ್ತಾದಿಂದಲೋ ಕೊಲಂಬೊದಿಂದಲೋ ಹೊರಟವು. ಅವುಗಳ ಬಾಯ್ಲರ್‌ಗೆ ಕಲ್ಲಿದ್ದಲು ಎಸೆಯುತ್ತಿದ್ದವರು, ಡೆಕ್ ತೊಳೆಯುತ್ತಿದ್ದವರು ನಮ್ಮವರು. ಸಿಲ್ಹೆಟ್, ನೊವಾಖಾಲಿ, ರತ್ನಾಗಿರಿ, ಪಂಜಾಬ್ ಕಡೆಯವರು. ಅಡುಗೆ, ಊಟ ಬಡಿಸೋದು ಗೋವಾದವರು. ಇಂಗ್ಲಿಷರು ಎಲ್ಲರನ್ನೂ ಸೇರಿಸಿ ಲಾಸ್ಕರ್ ಅಂದರು. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ವ್ಯಾಪಾರಿ ಹಡಗುಗಳ ಸಿಬ್ಬಂದಿಯಲ್ಲಿ ಸುಮಾರು ಕಾಲು ಭಾಗ ಇವರೇ. ಸಂಬಳ ಬಿಳಿಯ ನಾವಿಕನದ್ದರ ಮೂರನೇ ಒಂದರಿಂದ ಐದನೇ ಒಂದು ಪಾಲು. ಆ ಯುದ್ಧದಲ್ಲಿ ಸತ್ತವರು 6,600ರಷ್ಟು.

ಸಭ್ಯತೆ ಯಾರ ಜೊತೆ ನಡೆಯಿತು ಅನ್ನೋದು ನನ್ನ ಪ್ರಶ್ನೆ.

ಪಡುಗಡಲು:

ಮೇಡಂ, ಮ್ಯುಲ್ಲರ್ ಖಲಾಸಿಗಳನ್ನೂ ಕೊಲ್ಲಲಿಲ್ಲವಲ್ಲ. ಬಿಟ್ಟು ಕಳಿಸಿದವರಲ್ಲಿ ಅವರೂ ಇದ್ದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಡವೇ?

ಹಳೇಪುಟ:

ಖಂಡಿತ ಹಿಡಿಯೋಣ. 1914ರಲ್ಲಿ ಹಾಗೆ ಬಿಟ್ಟು ಕಳಿಸುವುದು ಸಾಧ್ಯವಿತ್ತು. ಬಹಳ ಹಡಗುಗಳಲ್ಲಿ ವೈರ್‌ಲೆಸ್ಸೇ ಇರಲಿಲ್ಲ. ನಿಲ್ಲಿಸು ಅಂದರೆ ನಿಲ್ಲುತ್ತಿದ್ದವು. 1940ಕ್ಕೆ ಎಲ್ಲ ಹಡಗಿನಲ್ಲೂ ವೈರ್‌ಲೆಸ್. ನಿಲ್ಲಿಸು ಅಂದ ಕೂಡಲೇ ಆಪರೇಟರ್ ಕ್ಯೂಕ್ಯೂಕ್ಯೂಕ್ಯೂ ಅಂತ ಕುಟ್ಟಲು ಶುರು ಮಾಡುತ್ತಾನೆ. ಅಂದರೆ ವೇಷ ಮರೆಸಿದ ರೇಡರ್ ಬಂದಿದೆ ಅಂತ. ಅವನ ಬಾಯಿ ಮುಚ್ಚಿಸಬೇಕು ಅಂದರೆ ವೈರ್‌ಲೆಸ್ ಕೋಣೆ ಮೇಲೆ ಗುಂಡು. ಆ ಗುಂಡು ಆ ಕೋಣೆಗೇ ಹೋಗಿ ಬೀಳಬೇಕು ಅಂತೇನಿಲ್ಲ.

ಬಾಯ್ಲರ್‌ಸೂಟ್:

ಇದೇ ಇಡೀ ವ್ಯತ್ಯಾಸ. ಕ್ಯಾಪ್ಟನ್ ಒಳ್ಳೆಯವನೋ ಕೆಟ್ಟವನೋ ಅನ್ನೋದಕ್ಕಿಂತ ಯಂತ್ರ ಯಾವುದು ಅನ್ನೋದು ಮುಖ್ಯ.

ನಡುವೆ ಮೊದಲ ಯುದ್ಧದ ಇನ್ನೊಂದು ರೇಡರ್ ವೋಲ್ಫ್ ಬಗ್ಗೆ ಎರಡು ಮಾತು. 1916 ನವೆಂಬರ್ 30ಕ್ಕೆ ಕೀಲ್‌ನಿಂದ ಹೊರಟು 1918 ಫೆಬ್ರವರಿಯಲ್ಲಿ ವಾಪಸ್. ಒಂದೂ ಬಂದರು ಮುಟ್ಟದೆ 451 ದಿನ. ಕ್ಯಾಪ್ಟನ್ ನೆರ್ಗರ್. ಒಂದು ಪುಟಾಣಿ ಸೀಪ್ಲೇನ್ ಕೂಡ ಇತ್ತು. ಇವನು ತೋಪಿಗಿಂತ ಮೈನ್, ಅಂದರೆ ನೀರಿನಲ್ಲಿ ಇಟ್ಟು ಹೋಗುವ ಸಿಡಿಗುಂಡು, ನಂಬಿದವನು. ಕೇಪ್‌ಟೌನ್, ಕೊಲಂಬೊ, ಬಾಂಬೆ ಎದುರು ರಾತ್ರಿ ಮೈನ್ ಬಿತ್ತಿ ಹೋದ. ಅವನು ಹೋಗಿ ತಿಂಗಳುಗಳಾದ ಮೇಲೆ, 1917 ಜೂನ್‌ನಲ್ಲಿ, ಬಾಂಬೆ ಹತ್ತಿರ ಪಿ ಅಂಡ್ ಓ ಕಂಪನಿಯ ಮಂಗೋಲಿಯಾ ಅಂಥ ಮೈನ್‌ಗೆ ತಗುಲಿ ಮುಳುಗಿತು. ಮೈನ್‌ಗೆ ಸಭ್ಯತೆ ಎಲ್ಲಿಂದ ಬರಬೇಕು? ಅದನ್ನು ಇಟ್ಟವನು ಆಗ ಪೆಸಿಫಿಕ್‌ನಲ್ಲಿ ಬೇರೆ ಹಡಗು ಹಿಡಿಯುತ್ತಿದ್ದ.

ಎರಡನೇ ಯುದ್ಧದ ರೇಡರ್‌ಗಳು ಬೇರೆಯೇ ಜಾತಿ. ಯುದ್ಧನೌಕೆ ಅಲ್ಲವೇ ಅಲ್ಲ. ಮಾಮೂಲಿ ಸರಕು ಹಡಗಿಗೆ 15 ಸೆಂ.ಮೀ. ತೋಪು ಹಾಕಿ, ಮುಂದೆ ತಗಡಿನ ಮರೆ ಕಟ್ಟಿದ್ದು. ಅಟ್ಲಾಂಟಿಸ್ ಅದರಲ್ಲಿ ಮುಖ್ಯ. ಕ್ಯಾಪ್ಟನ್ ಬರ್ನ್‌ಹಾರ್ಡ್ ರೋಗೆ. 622 ದಿನ ಕಡಲಲ್ಲಿ, 22 ಹಡಗು ಹಿಡಿದ. ಅದರ ಹಳೆ ಹೆಸರು ಗೋಲ್ಡನ್‌ಫೆಲ್ಸ್. ಇನ್ನೊಂದು ರೇಡರ್ ಪಿಂಗ್ವಿನ್, ಅದರ ಹಳೆ ಹೆಸರು ಕಾಂಡೆಲ್‌ಫೆಲ್ಸ್. ಎರಡೂ ಬ್ರೆಮನ್‌ನ ಹಾನ್ಸಾ ಕಂಪನಿಯವು. ಆ ಕಂಪನಿಯ ಮುಖ್ಯ ದಂಧೆಯೇ ಭಾರತದ ಲೈನ್. ಯುದ್ಧಕ್ಕೆ ಮುಂಚೆ ಬಾಂಬೆ, ಕಲ್ಕತ್ತಾ ಬಂದರಿನ ಕೂಲಿಗಳಿಗೆ ಫೆಲ್ಸ್ ಹಡಗುಗಳು ಹೊಸತೇನಲ್ಲ. ಅವು ಬಣ್ಣ ಬದಲಾಯಿಸಿಕೊಂಡು ವಾಪಸ್ ಬಂದವು ಅಷ್ಟೆ.

ವೇಷ ಅಂದರೆ ಬರೀ ಬಣ್ಣ ಅಲ್ಲ. ಅಟ್ಲಾಂಟಿಸ್ ಒಮ್ಮೆ ಕಾಸಿ ಮಾರು ಅನ್ನೋ ಜಪಾನಿ ಹಡಗಾಗಿತ್ತು. ಆಗ ಕೆಲವು ನಾವಿಕರು ಜಪಾನಿಯರ ಹಾಗೆ ಬಟ್ಟೆ ಹಾಕಿಕೊಂಡು ಡೆಕ್ ಮೇಲೆ ಓಡಾಡಬೇಕು. ಒಬ್ಬ ಹೆಂಗಸಿನ ವೇಷದಲ್ಲಿ ಮಗುವಿನ ತಳ್ಳುಗಾಡಿ ತಳ್ಳಬೇಕು. ದೂರದರ್ಶಕದಲ್ಲಿ ನೋಡುವವನಿಗೆ, ಪಾಪ, ಸಂಸಾರಸ್ಥರ ಹಡಗು!

ಧಾರವಾಡದವ:

ಯಕ್ಷಗಾನದ ಸ್ತ್ರೀವೇಷ ಆಯ್ತಲ್ರೀ ಇದು. ಆ ನಾವಿಕನಿಗೆ ಭತ್ಯೆ ಜಾಸ್ತಿ ಕೊಟ್ಟರೋ ಇಲ್ಲವೋ.

ಕಾಳೀನದಿ:

ಕಾರವಾರದಿಂದ ನಮಸ್ಕಾರ. ಫೆಲ್ಸ್ ಹಡಗು ಅಂದಿರಲ್ಲ, ನಮ್ಮ ಪಕ್ಕದ ಮರ್ಮಗೋವಾದಲ್ಲೇ ಮೂರು ಇದ್ದವು. ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್. ಜೊತೆಗೆ ಇಟಲಿಯ ಅನ್ಫೊರಾ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರ ಕೈಗೆ ಸಿಗಬಾರದು ಅಂತ ಗೋವಾ ಸೇರಿಕೊಂಡವು. ಪೋರ್ಚುಗಲ್ ತಟಸ್ಥ. ಹಿಡಿಯುವ ಹಾಗಿಲ್ಲ.

ಎಹ್ರೆನ್‌ಫೆಲ್ಸ್‌ನಲ್ಲಿ ಗುಟ್ಟಿನ ವೈರ್‌ಲೆಸ್ ಇತ್ತು. ಬಾಂಬೆಯಿಂದ ಯಾವ ಹಡಗು ಯಾವಾಗ ಹೊರಡುತ್ತದೆ ಅಂತ ಯೂ-ಬೋಟ್‌ಗಳಿಗೆ ಹೇಳುತ್ತಿತ್ತು. ಹಡಗುಗಳು ಒಂದರ ಮೇಲೊಂದು ಮುಳುಗಿದವು. ಆಗ ಬ್ರಿಟಿಷ್ ಗುಪ್ತ ದಳದವರು ಕಲ್ಕತ್ತಾ ಲೈಟ್ ಹಾರ್ಸ್ ಅನ್ನೋ ಕ್ಲಬ್ಬಿನಂಥ ಮೀಸಲು ಪಡೆಯಿಂದ ನಡುವಯಸ್ಸಿನ ಗುಮಾಸ್ತರು, ವ್ಯಾಪಾರಿಗಳನ್ನು ಆರಿಸಿದರು. ಫೀಬಿ ಅನ್ನೋ ಹಳೆ ಬಾರ್ಜ್‌ನಲ್ಲಿ ಕಲ್ಕತ್ತಾದಿಂದ ಸುತ್ತು ಹಾಕಿ ಬಂದರು. ಕೆಲವರು ರೈಲಿನಲ್ಲಿ ಕೊಚ್ಚಿಗೆ ಬಂದು ಅಲ್ಲಿ ಹತ್ತಿದರು. 1943 ಮಾರ್ಚ್ 9ರ ರಾತ್ರಿ ದಾಳಿ. ಜರ್ಮನರು ತಮ್ಮ ಹಡಗಿಗೆ ತಾವೇ ಬೆಂಕಿ ಹಚ್ಚಿ ಮುಳುಗಿಸಿಕೊಂಡರು. ಎಹ್ರೆನ್‌ಫೆಲ್ಸ್ ಕ್ಯಾಪ್ಟನ್ ಸತ್ತ. 1978ರ ತನಕ ಈ ಕತೆ ಹೊರಗೆ ಬರಲಿಲ್ಲ. ಆಮೇಲೆ ಸಿನಿಮಾನೂ ಆಯ್ತು. ಯೂ-ಬೋಟ್ ಕಾಟ ಅಲ್ಲಿಗೆ ನಿಂತಿತು.

ಉತ್ತರ_ಸಮುದ್ರ:

ಕಾಳೀನದಿ ಅಣ್ಣ, ದಾಳಿ ನಡೆದದ್ದು ನಿಜ, ದಿನಾಂಕ ನಿಜ, ಫೀಬಿ ನಿಜ. ಆದರೆ ಯೂ-ಬೋಟ್ ಭಾಗ ತಾಳೆಯಾಗುವುದಿಲ್ಲ.

1943 ಮಾರ್ಚ್‌ನಲ್ಲಿ ಜರ್ಮನ್ ಬೋಟ್‌ಗಳು ಎಲ್ಲಿದ್ದವು? ದಕ್ಷಿಣ ಆಫ್ರಿಕಾದ ಸುತ್ತ, ಡರ್ಬನ್ ಹತ್ತಿರ. 1942ರ ಕೊನೆಗೆ ಮೊಜಾಂಬಿಕ್ ತನಕ ಬಂದಿದ್ದವು. ಅರಬ್ಬಿ ಸಮುದ್ರಕ್ಕೆ ಗುಂಪು ಕಟ್ಟಿಕೊಂಡು ಬಂದದ್ದು 1943ರ ಸೆಪ್ಟೆಂಬರ್‌ನಲ್ಲಿ. ಅಂದರೆ ಗೋವಾ ದಾಳಿ ಆಗಿ ಆರು ತಿಂಗಳ ಮೇಲೆ. ಕಾಟ ನಿಂತಿತು ಅನ್ನೋದಿರಲಿ, ಶುರುವಾಗಿದ್ದೇ ಆಮೇಲೆ. ಅದಕ್ಕೆ ಮುಂಚೆ ನಮ್ಮ ಕಡೆ ಓಡಾಡುತ್ತಿದ್ದವು ಜಪಾನಿ ಸಬ್‌ಮರೀನ್‌ಗಳು.

ಯಾವ ಬೋಟ್ ಯಾವ ದಿನ ಯಾವ ಹಡಗು ಮುಳುಗಿಸಿತು ಅನ್ನೋದು ಅವರ ಯುದ್ಧ ದಿನಚರಿಗಳಿಂದ ತಿಳಿದಿದೆ. ದಾಳಿಗೆ ಮುಂಚೆ ಗೋವಾ, ಬಾಂಬೆ ಎದುರು ಯೂ-ಬೋಟ್ ಸಾಲುಸಾಲು ಹಡಗು ಮುಳುಗಿಸಿದ್ದು ಅದರಲ್ಲಿ ಇಲ್ಲ. ಮುಳುಗಿದ್ದರೆ ಇರಬೇಕಿತ್ತಲ್ವಾ?

ಕಾಳೀನದಿ:

ನಮ್ಮ ಕಡೆ ಹಿರಿಯರು ಹೇಳೋದು ಕೇಳಿದ್ದೇನೆ, ಬೆಂಕಿ ಬೆಳಕು ದೂರಕ್ಕೆ ಕಂಡಿತ್ತಂತೆ. ವೈರ್‌ಲೆಸ್ ಇಲ್ಲದಿದ್ದರೆ ಬ್ರಿಟಿಷರು ಅಷ್ಟು ದೂರದಿಂದ ಯಾಕೆ ಬರಬೇಕಿತ್ತು? ಸುಮ್ನೆ ತಟಸ್ಥ ದೇಶದ ಬಂದರಿಗೆ ನುಗ್ಗುತ್ತಾರಾ?

ಬಾಯ್ಲರ್‌ಸೂಟ್:

ಕಾರಣ ಇನ್ನೊಂದಿರಬಹುದು. ಎಹ್ರೆನ್‌ಫೆಲ್ಸ್ ಯಾವ ಕಂಪನಿಯ ಹಡಗು? ಅಟ್ಲಾಂಟಿಸ್ ಆದ ಗೋಲ್ಡನ್‌ಫೆಲ್ಸ್‌ದೇ ಕಂಪನಿ. ವೇಗದ ಮೋಟಾರ್ ಹಡಗು. ಒಂದು ರಾತ್ರಿ ತಪ್ಪಿಸಿಕೊಂಡು ಹೊರಗೆ ಬಿದ್ದಿದ್ದರೆ? ಅಟ್ಲಾಂಟಿಸ್ ಎರಡು ವರ್ಷ ಏನು ಮಾಡಿತು ಅಂತ ನೋಡಿದವರಿಗೆ ಆ ಭಯ ಸಾಕು. ಇದು ನನ್ನ ಊಹೆ ಅಷ್ಟೆ, ಆದರೆ ಯೂ-ಬೋಟ್ ಕತೆಗಿಂತ ಗಟ್ಟಿ.

ಪಡುಗಡಲು:

ಗೋವಾ ಜಗಳ ಮುಂದುವರಿಯಲಿ, ಬೇಡ ಅನ್ನಲ್ಲ. ಉತ್ತರ_ಸಮುದ್ರ, ಸೆಪ್ಟೆಂಬರ್ 1943 ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಕರಾವಳಿಗೆ ಎಷ್ಟು ಹತ್ತಿರ ಬಂದಿದ್ದರು?

ಉತ್ತರ_ಸಮುದ್ರ:

ಬಹಳ ಹತ್ತಿರ ಮಾರಾಯ್ರೆ.

ಆ ಗುಂಪಿನ ಹೆಸರೇ ಮಾನ್ಸೂನ್. ಮಳೆಗಾಲ ಮುಗಿಯುವ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿರಬೇಕು ಅನ್ನೋ ಲೆಕ್ಕ. 1943ರ ಮೇ ತಿಂಗಳೊಂದರಲ್ಲೇ ಜರ್ಮನಿ 41 ಯೂ-ಬೋಟ್ ಕಳೆದುಕೊಂಡಿತ್ತು. ಅಟ್ಲಾಂಟಿಕ್‌ನಲ್ಲಿ ವಿಮಾನ, ರೇಡಾರ್ ಕಾಟ. ಕಾವಲು ಕಡಿಮೆ ಇರುವ ಕಡೆ ಹೋಗೋಣ ಅಂತ ಇಲ್ಲಿಗೆ ಕಳಿಸಿದರು. ಹೊರಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಹೋದವು. ಬಂದು ಮುಟ್ಟಿದ್ದು ಯು-168, 183, 188, 532, 533. ಇದರಲ್ಲಿ 533 ಒಮಾನ್ ಕೊಲ್ಲಿಯಲ್ಲಿ ಅಕ್ಟೋಬರ್ 16ಕ್ಕೆ ಮುಳುಗಿತು. ಬದುಕಿದ್ದು ಒಬ್ಬನೇ ನಾವಿಕ, ಒಂದು ದಿನಕ್ಕೂ ಜಾಸ್ತಿ ಈಜಿ ದಡ ಸೇರಿದ. ಉಳಿದವು ಕೊನೆಗೆ ಜಪಾನಿಯರ ಕೈಯಲ್ಲಿದ್ದ ಪೆನಾಂಗ್‌ಗೆ ಹೋಗಿ ತಂಗಿದವು.

ನಿಮ್ಮ ಪ್ರಶ್ನೆಗೆ ಉತ್ತರ ಯು-532. 1943 ಅಕ್ಟೋಬರ್ 11ರಂದು ಮಲಬಾರ್ ತೀರದ ಎದುರಿಗೆ ಜಲಬಾಲಾ ಅನ್ನೋ ಹಡಗು ಮುಳುಗಿಸಿತು. ಅದು ಸಿಂಧಿಯಾ ಕಂಪನಿಯದ್ದು. ಭಾರತೀಯರೇ ಬಂಡವಾಳ ಹಾಕಿ, ಬ್ರಿಟಿಷ್ ಕಂಪನಿಗಳ ಜೊತೆ ಗುದ್ದಾಡಿ ಕಟ್ಟಿದ ಕಂಪನಿ. ಮಂಗಳೂರಿನ ದಕ್ಕೆಯಿಂದ ಹೊರಡುವ ಮಂಜಿ ದೋಣಿಗಳು ಕೊಚ್ಚಿಗೆ ಹೋಗುವ ನೀರೇ ಅದು.

ಇದೇ 532 ಸೆಪ್ಟೆಂಬರ್ 19ಕ್ಕೆ ಚಾಗೋಸ್ ದ್ವೀಪಗಳ ಆಚೆ ಫೋರ್ಟ್ ಲಾಂಗೈ ಅನ್ನೋ ಸರಕು ಹಡಗನ್ನು ಹೊಡೆಯಿತು. ಉಳಿದವರು ಇಬ್ಬರೇ, ಇಬ್ಬರೂ ಭಾರತೀಯ ಖಲಾಸಿಗಳು. ತೆಪ್ಪದ ಮೇಲೆ 134 ದಿನ ತೇಲಿದರು. ಕೊನೆಗೆ ದಡ ಸಿಕ್ಕಿದ್ದು ಸುಮಾತ್ರಾ ಪಕ್ಕದ ದ್ವೀಪದಲ್ಲಿ. ಅಲ್ಲಿ ಜಪಾನಿಯರು ಹಿಡಿದು ಜೈಲಿಗೆ ಹಾಕಿದರು.

ಧಾರವಾಡದವ:

134 ದಿನ!! ಕುಡಿಯೋದು ಏನನ್ನ?

ಬಾಯ್ಲರ್‌ಸೂಟ್:

ತೆಪ್ಪದ ಡಬ್ಬಿಯಲ್ಲಿ ಬಿಸ್ಕತ್ತು, ಹಾಲಿನ ಮಾತ್ರೆ, ಸ್ವಲ್ಪ ನೀರು ಇಟ್ಟಿರುತ್ತಿದ್ದರು. ಅದು ಬೇಗ ಮುಗಿಯುತ್ತದೆ. ಆಮೇಲೆ ಮಳೆ ನೀರು, ಮೀನು. ತೇಲುವ ಯಾವುದೇ ವಸ್ತುವಿನ ನೆರಳಿಗೆ ಮೀನು ಬಂದು ನಿಲ್ಲುತ್ತದೆ, ಅದು ನಾನೂ ಕಂಡಿದ್ದೇನೆ. ಹಿಡಿಯೋದು ಬೇರೆ ವಿಷಯ. ಉಪ್ಪು ನೀರಿಗೆ ಚರ್ಮ ಹುಣ್ಣಾಗುತ್ತದೆ, ಕೂರಲೂ ಆಗೋದಿಲ್ಲ, ಮಲಗಲೂ ಆಗೋದಿಲ್ಲ.

ಹಳೇಪುಟ:

ಸಿಟಿ ಆಫ್ ಬೆನಾರಿಸ್ ಬಗ್ಗೆ ಎಲ್ಲರೂ ಓದಿರುತ್ತೀರಿ. 1940 ಸೆಪ್ಟೆಂಬರ್ 17ರ ರಾತ್ರಿ ಅಟ್ಲಾಂಟಿಕ್‌ನಲ್ಲಿ ಯು-48 ಅದಕ್ಕೆ ಟಾರ್ಪಿಡೊ ಹೊಡೆಯಿತು. ಬಾಂಬ್ ದಾಳಿಯಿಂದ ಉಳಿಸಲು ಬ್ರಿಟನ್‌ನಿಂದ ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. 77 ಮಕ್ಕಳು ಸತ್ತರು. ಆ ದುಃಖದ ಮುಂದೆ ಬೇರೆ ಮಾತಾಡಲು ನನಗೂ ಮುಜುಗರ.

ಆದರೂ ಹೇಳಬೇಕು. ಆ ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ನಮ್ಮವರು. ಉಷ್ಣ ದೇಶಕ್ಕೆ ತಕ್ಕ ತೆಳು ಹತ್ತಿ ಬಟ್ಟೆಯಲ್ಲಿ, ಸೊಂಟದ ತನಕ ನೀರು ತುಂಬಿದ ದೋಣಿಯಲ್ಲಿ, ಬಿರುಗಾಳಿಯಲ್ಲಿ ಕೂತರು. ಬೆಳಗಾಗುವ ಹೊತ್ತಿಗೆ ಬಹಳ ಜನ ಚಳಿಗೇ ಹೋಗಿದ್ದರು. ಎಂಟು ದಿನ ಕಳೆದ ಮೇಲೆ ಒಂದು ದೋಣಿ ಸಿಕ್ಕಿತು, 46 ಜನ ಹತ್ತಿದ ದೋಣಿ. ಪೇಪರ್‌ಗಳಲ್ಲೆಲ್ಲ ಅದರಲ್ಲಿದ್ದ ಆರು ಹುಡುಗರ ಕತೆ, ಅವರನ್ನು ನೋಡಿಕೊಂಡ ಟೀಚರಮ್ಮನ ಕತೆ. ಆ ದೋಣಿಯಲ್ಲಿ ಹೆಚ್ಚಿನವರು ಭಾರತೀಯ ಖಲಾಸಿಗಳು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ರೇಡರ್ ಕೈಗೆ ಸಿಕ್ಕವರದ್ದು ಇನ್ನೊಂದು ಪಾಡು. 1941 ಮೇ 8ಕ್ಕೆ ಸೇಶೆಲ್ಸ್ ಹತ್ತಿರ ಬ್ರಿಟಿಷ್ ಕ್ರೂಸರ್ ಕಾರ್ನ್‌ವಾಲ್ ಪಿಂಗ್ವಿನ್ ಮೇಲೆ ಗುಂಡು ಹಾಕಿತು. ಪಿಂಗ್ವಿನ್ ಒಳಗಿದ್ದ ಮೈನ್‌ಗಳು ಸಿಡಿದು ಹಡಗು ಚೂರಾಯಿತು. ಕೆಳಗಿನ ಕೋಣೆಗಳಲ್ಲಿ ಕೂಡಿಹಾಕಿದ್ದ ಇನ್ನೂರಕ್ಕೂ ಹೆಚ್ಚು ಕೈದಿಗಳು ಸತ್ತರು. ಎಲ್ಲ ವ್ಯಾಪಾರಿ ಹಡಗಿನವರು, ಬಹಳಷ್ಟು ಜನ ಖಲಾಸಿಗಳು. ಸತ್ತದ್ದು ತಮ್ಮನ್ನು ಬಿಡಿಸಬೇಕಾದವರ ಗುಂಡಿಗೆ. ರೋಗೆ ಕೈದಿಗಳನ್ನು ಚೆನ್ನಾಗಿ ನೋಡಿಕೊಂಡ ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ಅವನು ಕೈದಿಗಳ ಜೊತೆ ಫ್ರಾನ್ಸ್‌ಗೆ ಕಳಿಸಿದ ಟಿರಾನಾ ಹಡಗನ್ನು ಫ್ರಾನ್ಸ್ ತೀರದಲ್ಲೇ ಬ್ರಿಟಿಷ್ ಸಬ್‌ಮರೀನ್ ಹೊಡೆಯಿತು. ಒಳಗೆ ಯಾರಿದ್ದಾರೆ ಅಂತ ಸಬ್‌ಮರೀನ್‌ಗೆ ಹೇಗೆ ಗೊತ್ತಾಗಬೇಕು?

ಜೀವ ಉಳಿದು ಜರ್ಮನಿ ಸೇರಿದವರನ್ನು ಬ್ರೆಮನ್ ಹತ್ತಿರದ ಮಿಲಾಗ್ ಕ್ಯಾಂಪಿನಲ್ಲಿ ಇಟ್ಟರು. ಅಲ್ಲಿ ಭಾರತೀಯರಿಗೇ ಬೇರೆ ವಿಭಾಗ.

ಪಡುಗಡಲು:

ಟಿರಾನಾ ವಿಷಯ ಓದಿದ್ದೆ, ಆದರೆ ಹೀಗೆ ಜೋಡಿಸಿ ನೋಡಿರಲಿಲ್ಲ.

ರೋಗೆ ಅಂದ ಮೇಲೆ ಆಟೊಮೆಡನ್ ಕತೆ ಹೇಳಲೇಬೇಕು. 1940 ನವೆಂಬರ್ 11, ಸುಮಾತ್ರಾದ ಪಶ್ಚಿಮಕ್ಕೆ. ಅಟ್ಲಾಂಟಿಸ್‌ನ ಮೊದಲ ಗುಂಡುಗಳೇ ಆ ಬ್ರಿಟಿಷ್ ಹಡಗಿನ ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಜಾಗಕ್ಕೆ, ಬಿದ್ದವು, ಕ್ಯಾಪ್ಟನ್ ಸತ್ತ. ಅಲ್ಲೇ ಒಂದು ಸಣ್ಣ ಚೀಲ ಇತ್ತು. ತೂಕ ಹಾಕಿ, ನೀರು ನುಗ್ಗಲಿ ಅಂತ ತೂತು ಕೊರೆದ ಚೀಲ. ಅಪಾಯ ಬಂದರೆ ಸಮುದ್ರಕ್ಕೆ ಎಸೆಯಬೇಕು. ಎಸೆಯುವವರೇ ಉಳಿದಿರಲಿಲ್ಲ. ಒಳಗೆ ಬ್ರಿಟಿಷ್ ಸೇನಾ ಮುಖ್ಯಸ್ಥರ ವರದಿ. ಜಪಾನ್ ನಮ್ಮ ಮೇಲೆ ಬಿದ್ದರೆ ಪೂರ್ವ ಏಷ್ಯಾಕ್ಕೆ ಹಡಗುಪಡೆ ಕಳಿಸುವ ತಾಕತ್ತು ಈಗ ನಮಗಿಲ್ಲ ಅನ್ನೋ ಸಾರಾಂಶ. ಅದು ಕೋಬೆ ತಲುಪಿ, ಜಪಾನಿಯರ ಕೈ ಸೇರಿತು. ಜಪಾನಿಯರು ಆಮೇಲೆ ರೋಗೆಗೆ ಸಮುರಾಯ್ ಕತ್ತಿ ಕೊಟ್ಟು ಸನ್ಮಾನ ಮಾಡಿದರು.

ಒಂದು ಸರಕು ಹಡಗಿನಲ್ಲಿ ಮಾಮೂಲಿ ಟಪಾಲಿನ ಜೊತೆ ಇಂಥದ್ದನ್ನು ಕಳಿಸಿದ ಪುಣ್ಯಾತ್ಮ ಯಾರೋ!

ಕಾಳೀನದಿ:

ಜಪಾನಿ ಸಬ್‌ಮರೀನ್ ಅಂದಿರಲ್ಲ, ನೇತಾಜಿಯನ್ನು ಹತ್ತಿಸಿಕೊಂಡದ್ದು ಯಾವುದು?

ಉತ್ತರ_ಸಮುದ್ರ:

ಐ-29. ನೇತಾಜಿ, ಆಬಿದ್ ಹಸನ್ ಇಬ್ಬರೂ ಜರ್ಮನಿಯಿಂದ ಯು-180ರಲ್ಲಿ ಬಂದರು. ಆ ಬೋಟ್ ಅವರನ್ನು ಕೂರಿಸಿಕೊಂಡೇ ದಾರಿಯಲ್ಲಿ ಕಾರ್ಬಿಸ್ ಅನ್ನೋ ಬ್ರಿಟಿಷ್ ಟ್ಯಾಂಕರ್ ಮುಳುಗಿಸಿತು. 1943 ಏಪ್ರಿಲ್ 28ಕ್ಕೆ ಮಡಗಾಸ್ಕರ್ ಆಚೆ, ಅಲೆ ಎದ್ದ ಸಮುದ್ರದಲ್ಲಿ, ರಬ್ಬರ್ ತೆಪ್ಪದಲ್ಲಿ ಐ-29ಕ್ಕೆ ದಾಟಿದರು.

ಅದೇ ಐ-29, ಐದು ತಿಂಗಳ ಹಿಂದೆ, 1942 ನವೆಂಬರ್ 23ಕ್ಕೆ ಟಿಲಾವಾ ಹಡಗನ್ನು ಮುಳುಗಿಸಿತ್ತು. ಬಾಂಬೆಯಿಂದ ಆಫ್ರಿಕಾಕ್ಕೆ ಹೊರಟ ಹಡಗು. ಸತ್ತವರು 280, ಹೆಚ್ಚಿನವರು ಭಾರತೀಯರು. ಹೆಂಗಸರು ಮಕ್ಕಳೂ ಇದ್ದರು.

ಧಾರವಾಡದವ:

ಇದು ನನಗೆ ಗೊತ್ತೇ ಇರಲಿಲ್ಲ. ಒಂದೇ ಸಬ್‌ಮರೀನಾ…

ಪಡುಗಡಲು:

ಉತ್ತರ_ಸಮುದ್ರ, ನೀವು ಜರ್ಮನಿ ಕಡೆಯೇ ಇರೋದಲ್ವಾ? ಒಂದು ಯೂ-ಬೋಟ್ ಮ್ಯೂಸಿಯಂ ಇದೆಯಂತೆ.

ಉತ್ತರ_ಸಮುದ್ರ:

ಹೌದು, ಕೀಲ್ ಹತ್ತಿರ ಲಾಬೋ ಅನ್ನೋ ಊರಿನ ಮರಳ ಮೇಲೆ ಯು-995 ನಿಲ್ಲಿಸಿದ್ದಾರೆ. ಟಿಕೆಟ್ ತಗೊಂಡು ಒಳಗೆ ಹೋಗಬಹುದು. ಉದ್ದ 67 ಮೀಟರ್, ಅದರೊಳಗೆ ಐವತ್ತು ಜನರ ಹತ್ತಿರ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ದುಂಡನೆಯ ತೂತು, ಕಾಲು ಮೊದಲು ಹಾಕಿ ತೂರಬೇಕು. ಟಾರ್ಪಿಡೊ ಇಡುವ ಕೋಣೆಯಲ್ಲೇ ಮಂಚ. ಒಬ್ಬ ಎದ್ದ ಜಾಗದಲ್ಲಿ ಇನ್ನೊಬ್ಬ ಮಲಗಬೇಕು. ಇದ್ದ ಎರಡು ಪಾಯಖಾನೆಯಲ್ಲಿ ಒಂದರಲ್ಲಿ ಆಹಾರ ತುಂಬಿ ಹೊರಡುತ್ತಿದ್ದರು. ಡೀಸೆಲ್ ವಾಸನೆ ಈಗಲೂ ಮೂಗಿಗೆ ಬಡಿಯುತ್ತದೆ. ಆ ನೌಕೆಗಳಲ್ಲಿ ಹೋದ ಸುಮಾರು 40,000 ಜನರಲ್ಲಿ 30,000 ಜನ ವಾಪಸ್ ಬರಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಮೋಲ್ಟೆನೋರ್ಟ್ ಅನ್ನೋ ಕಡೆ ಅವರ ಸ್ಮಾರಕ ಇದೆ. ಬೋಟ್ ನಂಬರ್ ಪ್ರಕಾರ ಎಲ್ಲರ ಹೆಸರೂ ಕಂಚಿನ ಫಲಕಗಳಲ್ಲಿ. ಯು-533 ಹುಡುಕಿದೆ, ಸಿಕ್ಕಿತು.

ಹಳೇಪುಟ:

ನಮ್ಮವರದ್ದು ಮುಂಬೈಯಲ್ಲಿದೆ. ಮಸ್ಜಿದ್ ಬಂದರ್ ಹತ್ತಿರ ನಾವಿಕರ ಮನೆಯಲ್ಲಿ ಮೊದಲ ಯುದ್ಧದ ಸ್ಮಾರಕ, ಎರಡು ಸಾವಿರಕ್ಕೂ ಹೆಚ್ಚು ಹೆಸರು. ಎರಡನೇ ಯುದ್ಧದವರ ಹೆಸರು ಗೋಡೆಯ ಮೇಲಿಲ್ಲ, ಪುಸ್ತಕದಲ್ಲಿದೆ. ಅದರ ಇನ್ನೊಂದು ಪ್ರತಿ ಚಿತ್ತಗಾಂಗ್‌ನಲ್ಲಿ. ಕಾಮನ್‌ವೆಲ್ತ್ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಲೂ ಬಹುದು.

ಶರಾವತಿ_ದಡ:

ಇಷ್ಟು ಹೊತ್ತು ಓದುತ್ತಿದ್ದೆ, ಇವತ್ತೇ ಖಾತೆ ತೆರೆದೆ. ನಮ್ಮ ಅಜ್ಜಿಯ ಅಣ್ಣ ಹೊನ್ನಾವರದಿಂದ ಬಾಂಬೆಗೆ ಹೋಗಿ ಹಡಗಿನ ಅಡುಗೆಮನೆಗೆ ಸೇರಿದ್ದರು. ಎರಡನೇ ಯುದ್ಧದಲ್ಲಿ ಹೋದರು ಅಂತ ಮಾತ್ರ ಗೊತ್ತು. ಹಡಗಿನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವೆಬ್‌ಸೈಟಿನಲ್ಲಿ ಫರ್ನಾಂಡಿಸ್ ಅಂತ ಹಾಕಿದೆ. ಪುಟಗಟ್ಟಲೆ ಬಂತು. ಹೇಗೆ ಹುಡುಕೋದು?

ಹಳೇಪುಟ:

ಹೆಸರಿನಿಂದ ಶುರು ಮಾಡಬೇಡಿ ಅಮ್ಮ. ಗುಮಾಸ್ತ ಕೇಳಿಸಿಕೊಂಡ ಹಾಗೆ ಬರೆದಿರುತ್ತಾನೆ, ಒಂದೇ ಹೆಸರು ನಾಲ್ಕು ತರ ಇರುತ್ತದೆ. ಹಡಗಿನ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಕಂಪನಿಯಿಂದ ಬಂದ ಕಾಗದ, ಮನಿಯಾರ್ಡರ್ ರಸೀದಿ, ಪಿಂಚಣಿ ಕಾಗದ ಏನಾದರೂ ಉಳಿದಿದೆಯಾ ನೋಡಿ. ಅದೂ ಇಲ್ಲ ಅಂದರೆ ವೆಬ್‌ಸೈಟಿನಲ್ಲಿ ಇಂಡಿಯನ್ ಮರ್ಚೆಂಟ್ ನೇವಿ ಅಂತ ಆರಿಸಿ, ವರ್ಷ ಒಂದೊಂದಾಗಿ ಹಾಕಿ. ಕೆಲವು ಹೆಸರಿನ ಮುಂದೆ ಕೆಲಸ, ತಂದೆ ಹೆಸರು, ಊರು ಬರೆದಿರುತ್ತಾರೆ. ತಂದೆಯ ಹೆಸರು ಗೊತ್ತಿದೆಯಾ?

ಶರಾವತಿ_ದಡ:

ಗೊತ್ತಿದೆ. ಚರ್ಚಿನ ಪುಸ್ತಕದಲ್ಲಿ ಹುಟ್ಟಿದ ದಿನವೂ ಸಿಗಬಹುದು. ಹೋದದ್ದು ಯಾವ ವರ್ಷ ಅಂತ ದೊಡ್ಡಮ್ಮನನ್ನು ಕೇಳುತ್ತೇನೆ. ಅಜ್ಜಿಯ ಮದುವೆಗೆ ಅವರು ಬರಲಿಲ್ಲ ಅಂತ ಹೇಳೋದು ಕೇಳಿದ್ದೇನೆ, ಮದುವೆ 1942ರಲ್ಲಿ.

ಬಾಯ್ಲರ್‌ಸೂಟ್:

ಹಾಗಾದರೆ 1940, 41, 42 ಈ ಮೂರು ವರ್ಷ ಮೊದಲು ನೋಡಿ. ಸಿಕ್ಕ ಹೆಸರುಗಳನ್ನು ಇಲ್ಲಿ ಹಾಕಬೇಡಿ, ನನಗೂ ಮೇಡಂಗೂ ನೇರ ಸಂದೇಶ ಕಳಿಸಿ. ಹಡಗು ಯಾವುದು, ಯಾವ ದಾರಿಯಲ್ಲಿತ್ತು, ಯಾರು ಹೊಡೆದದ್ದು ಅನ್ನೋದನ್ನು ನಾವು ತಾಳೆ ನೋಡುತ್ತೇವೆ.